ನೀರು ಕಮ್ಮಿ ಕುಡೀರಮ್ಮ

ಡಿಸೆಂಬರ್ ೨, ಸೋಮವಾರ

ಇವತ್ತು ಬೆಳಗ್ಗೆ ಅವ್ವ ಲೋಟದ ಅರ್ಧ ನೀರನ್ನು ಕರಿಬೇವಿನ ಬುಡಕ್ಕೆ ಸುರಿದಳು. ನಾನು ಕಿಟಕಿಯ ಹಿಂದೆ ತಲೆ ಬಾಚಿಕೊಳ್ಳುತ್ತಿದ್ದೆ, ನೋಡಿದ್ದು ಅವಳಿಗೆ ತಿಳಿಯಲಿಲ್ಲ. ಆ ಲೋಟವನ್ನು ನಾನೇ ತುಂಬಿಸಿ ಅವಳ ಕೈಗೆ ಕೊಟ್ಟು ಬಂದಿದ್ದೆ. ಅತ್ತಿತ್ತ ನೋಡಿ, ಎರಡು ಗುಟುಕು ಕುಡಿದು, ಉಳಿದದ್ದನ್ನು ಗಿಡಕ್ಕೆ ಹಾಕಿ, ಹೊಟ್ಟೆ ತುಂಬ ಕುಡಿದವಳ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಿಮ್ಮನೆ ಕರಿಬೇವು ಯಾಕಿಷ್ಟು ಸೊಂಪಾಗಿದೆ ಎಂದು ಬೀದಿಯವರೆಲ್ಲ ಕೇಳುತ್ತಾರೆ.

ಒಂದು ಕಿಡ್ನಿ ತೆಗೆದ ಮೇಲೆ ಮೈಸೂರಿನ ಡಾಕ್ಟರು ಅವಳಿಗೆ ಹೇಳಿದ್ದು ಒಂದೇ ಮಾತು: ನೀರು ಕುಡಿಯಿರಿ. ಅವಳಿಗೆ ಆಗುವುದಿಲ್ಲ. ಹಟವಲ್ಲ, ಅಭ್ಯಾಸ. ಉಮಾಶಂಕರನ ಶುಂಠಿ ಶೆಡ್ಡಿನಲ್ಲಿ ವರ್ಷಗಟ್ಟಲೆ ಕಲಿತದ್ದು ಗಂಟಲಿನಲ್ಲಿ ಕೂತುಬಿಟ್ಟಿದೆ.

ಶುಂಠಿ ತೊಳೆಯುವ ಶೆಡ್ಡೆಂದರೆ ಇಳಿಜಾರಿನ ಸಿಮೆಂಟು ನೆಲ, ಪೈಪಿನಿಂದ ಚಿಮ್ಮುವ ನೀರು. ಆ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು, ಗಡ್ಡೆಗಳ ಸಂದಿಯ ಮಣ್ಣನ್ನು ಉಜ್ಜಿ ತೆಗೆಯುವ ಹೆಂಗಸರು. ಕಾಲೆಲ್ಲ ನೀರು, ಬಾಯಿಗೆ ಮಾತ್ರ ಹನಿ ಇಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಮುಂಚೆ ಶೆಡ್ಡಿನ ಹಿಂದೆ ಲಂಟಾನದ ಪೊದೆಯಾದರೂ ಇತ್ತು. ಚೀಲಗಳು ಕಳುವಾಗುತ್ತಿವೆ ಎಂದು ಅವನು ಹಿಂದಿನ ಗೋಡೆಗೆ ಕ್ಯಾಮೆರಾ ಹಾಕಿಸಿದ. ಅದರ ಟಿ.ವಿ. ಇದ್ದದ್ದು ಆಫೀಸಿನಲ್ಲಿ, ದಲ್ಲಾಳಿಗಳೂ ಲಾರಿಯವರೂ ಕೂರುವ ಕಡೆ.

ಎಲ್ಲರ ಪರವಾಗಿ ಅವ್ವ ಕೇಳಲು ಹೋದಳು. "ಅಣ್ಣ, ಆ ಕ್ಯಾಮ್ರಾವ ಒಸಿ ಆ ಕಡೀಕೆ ತಿರುಗಿಸ್ಬುಡಿ" ಎಂದಳಂತೆ. ಯಾಕೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತಂತೆ. ಆಮೇಲೆ ನಕ್ಕು, "ನೀರು ಕಮ್ಮಿ ಕುಡೀರಮ್ಮ, ಎಲ್ಲಾ ಸರಿಹೋಗುತ್ತೆ" ಎಂದ. ಕೂತಿದ್ದವರೆಲ್ಲ ನಕ್ಕರು. ಅವ್ವನೂ ನಕ್ಕಳಂತೆ. ಅದನ್ನು ನನಗೆ ಹೇಳುವಾಗಲೂ ನಕ್ಕಳು.

ಎಂ.ಎ. ಓದುವಾಗ ಎಷ್ಟೋ ಸಾಲುಗಳನ್ನು ಬಾಯಿಪಾಠ ಮಾಡಿದ್ದೆ. ಈಗ ಒಂದೂ ನೆನಪಿಲ್ಲ. ಇದೊಂದು ಮಾತ್ರ ಇದೆ.

ಇವತ್ತು ಕೆಲಸಕ್ಕೆ ಸೇರಿದೆ. ಹುಣಸೂರಿನ ಆಚೆ, ಪಿರಿಯಾಪಟ್ಟಣ ರಸ್ತೆಯಲ್ಲಿ, ಅವನ ಶೆಡ್ಡಿನ ನೇರ ಎದುರಿಗೆ ಸುನಂದಮ್ಮನವರ ಶೆಡ್ಡಿದೆ. ಗಂಡ ಹೋದ ಮೇಲೆ ಅವರೇ ನಡೆಸುತ್ತಿದ್ದಾರೆ. "ಕನ್ನಡದಲ್ಲಿ ಎಂ.ಎ. ಮಾಡ್ದೋಳು ಶುಂಠಿ ಶೆಡ್ಡಲ್ಲಿ ಏನ್ ಮಾಡೀಯಮ್ಮಿ?" ಎಂದು ಕೇಳಿದರು. ಎದುರಿನ ಶೆಡ್ಡಿಗೆ ಬೀಗ ಹಾಕಿಸುತ್ತೇನೆ ಎನ್ನಬೇಕೆಂದಿತ್ತು.

"ಬರೆಯೋ ಕೆಲ್ಸ, ಫೋನಿನ ಕೆಲ್ಸ ಮಾಡ್ತೀನಮ್ಮ" ಎಂದೆ, ನೆಲ ನೋಡುತ್ತಾ.

ಡಿಸೆಂಬರ್ ೫, ಗುರುವಾರ

ನನ್ನ ಮೇಜು ಗೇಟಿನ ಪಕ್ಕದ ಕೋಣೆಯಲ್ಲಿ. ಬಾಗಿಲಿನ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಯಾವಾಗಲೂ ಡ್ರೈವರುಗಳು, ಕ್ಲೀನರುಗಳು, ಮತ್ತು ಲಾರಿ ಗೊತ್ತುಮಾಡಿ ಕೊಡುವ ಮೂರ್ತಿ. ಬೀಡಿ, ಬಸ್ಸಿನಷ್ಟು ಜೋರಾದ ನಗು. ಅವರನ್ನು ದಾಟಿ ಅಂಗಳಕ್ಕೆ ಹೋಗಬೇಕಾದಾಗ ನಾನು ಫೋನು ಕಿವಿಗಿಟ್ಟುಕೊಳ್ಳುತ್ತೇನೆ, ಯಾರೂ ಮಾತಾಡುತ್ತಿಲ್ಲದಿದ್ದರೂ.

ಕಿಟಕಿಯಿಂದ ನೋಡಿದರೆ ಅವನ ಗೇಟು. ಗೇಟಿನ ಮೇಲೆ ಫ್ಲೆಕ್ಸು. ಕೈಮುಗಿದ ಅವನ ಚಿತ್ರ, ಕೆಳಗೆ ದೊಡ್ಡಕ್ಷರದಲ್ಲಿ: "ದುಡಿಯುವ ಕೈಗಳಿಗೆ ನಮನ. ಮಾನವೀಯತೆಯೇ ನಮ್ಮ ಬಂಡವಾಳ." ಪ್ರತಿ ಸಂಕ್ರಾಂತಿಗೆ ಶೆಡ್ಡಿನ ಹೆಂಗಸರಿಗೆಲ್ಲ ಸೀರೆ ಹಂಚುತ್ತಾನೆ. ಅವ್ವನ ಪೆಟ್ಟಿಗೆಯಲ್ಲಿ ಅಂಥ ಸೀರೆಗಳ ಒಂದು ದಪ್ಪ ಗಂಟೇ ಇದೆ. ಎಲ್ಲವೂ ಒಂದೇ ಗಿಣಿಹಸಿರು.

ಮಧ್ಯಾಹ್ನ ಅವನೇ ಬಂದಿದ್ದ, ಲಾರಿಯ ವಿಚಾರಕ್ಕೆ. ನಾನು ಎಣಿಸಿದ್ದ ಮುಖ ಅಲ್ಲ. ತಣ್ಣಗಿನ ಮನುಷ್ಯ. ಕ್ಲೀನರಿಗೂ "ಊಟ ಆಯ್ತೇನಪ್ಪ" ಎಂದ.

"ಹೊಸಬರಾ? ಯಾವೂರಮ್ಮ?" ಎಂದು ನನ್ನನ್ನು ಕೇಳಿದ.

"ಕಟ್ಟೆಮಳಲವಾಡಿ."

"ಓ! ನಮ್ಮ ಹೆಣ್ಮಕ್ಳೆಲ್ಲ ಅಲ್ಲಿಯವರೇ. ಒಳ್ಳೇ ಜನ ಕಣಮ್ಮ, ಬಾಯಿ ಸತ್ತ ಜನ."

ಯಾರ ಮಗಳು ಎಂದು ಕೇಳುತ್ತಾನೆ ಅಂದುಕೊಂಡೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಕೇಳಲಿಲ್ಲ. ಎದುರಿಗೆ ಅವನನ್ನು "ಸರ್" ಎಂದೆ. ಇಲ್ಲಿ, ಈ ಪುಟಗಳಲ್ಲಿ, ಅವನು ಬರೀ ಅವನು.

ಸಂಜೆ ಮನೆಗೆ ಬಂದು ನಿಂತಲ್ಲೇ ಒಂದು ಚೊಂಬು ನೀರು ಕುಡಿದೆ. "ಮೆಲ್ಲುಕ್ ಕುಡಿಯೇ ಪುಟ್ಟಿ, ನೆತ್ತಿಗೇರ್ತದೆ" ಎಂದಳು ಅವ್ವ.

ಡಿಸೆಂಬರ್ ೧೧, ಬುಧವಾರ

ಅವನ ಬಲ ಎಲ್ಲಿದೆ ಎಂದು ಕಂಡುಕೊಂಡೆ. ನೀರಿನಲ್ಲಿ ಅಲ್ಲ, ಜಾಗದಲ್ಲೂ ಅಲ್ಲ, ನಮ್ಮೂರಿನ ಹೆಂಗಸರಲ್ಲಿ. ಅವರ ಕೈಯಲ್ಲಿ ಗಡ್ಡೆ ಮುರಿಯುವುದಿಲ್ಲ, ಸಿಪ್ಪೆ ತರಚುವುದಿಲ್ಲ. ಹೊರರಾಜ್ಯದ ವ್ಯಾಪಾರಿಗಳು ಅದಕ್ಕೇ ಅವನ ಗೇಟಿಗೆ ಬರುತ್ತಾರೆ. ಆ ಹೆಂಗಸರು ರಸ್ತೆ ದಾಟಿ ಈ ಕಡೆ ಬಂದರೆ ಅವನ ಶೆಡ್ಡು ಬರೀ ಒದ್ದೆ ಸಿಮೆಂಟು.

ಕೂಲಿ ಜಾಸ್ತಿ ಕೊಟ್ಟರೆ ಮಾರನೆಯ ದಿನ ಅವನೂ ಕೊಡುತ್ತಾನೆ. ಅವನ ಕಣ್ಣಿಗೆ ಬೀಳದ್ದನ್ನು ಕೊಡಬೇಕು. ಬಿದ್ದರೆ ತಾನೇ ಪೈಪೋಟಿ.

ಸುನಂದಮ್ಮನವರಿಗೆ ಹೇಳಲು ಬೆಳಗ್ಗೆಯಿಂದ ಹೋಗಿ ಹೋಗಿ ವಾಪಸ್ಸು ಬಂದೆ. ಊಟದ ಹೊತ್ತಿಗೆ ಹೇಗೋ ಬಾಯಿ ಬಿಟ್ಟೆ.

"ಅಮ್ಮ, ಹೆಂಗಸರಿಗೆ ಪಾಯಿಖಾನೆ ಕಟ್ಟಿಸ್ಬೇಕು."

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಧರ್ಮಕ್ಕಾ, ವ್ಯಾಪಾರಕ್ಕಾ?"

"ವ್ಯಾಪಾರಕ್ಕೆ."

"ಧರ್ಮಕ್ಕೆ ಅಂದಿದ್ರೆ ಯುಗಾದಿ ಕಳೀಲಿ ಅಂತಿದ್ದೆ ಕಣಮ್ಮಿ. ವ್ಯಾಪಾರಕ್ಕೆ ಅಂದ್ಯಲ್ಲ, ಕೂತ್ಕೊ."

ಎಲ್ಲ ಹೇಳಿದೆ, ಅವ್ವನ ಹೆಸರೊಂದನ್ನು ಬಿಟ್ಟು. ಕಟ್ಟೆಮಳಲವಾಡಿಯ ತಂಡ, ವ್ಯಾಪಾರಿಗಳು, ನೀರಿನಲ್ಲಿ ನಿಲ್ಲಲು ಬೂಟು. ಅವರು ಕೇಳುತ್ತಾ ಕೇಳುತ್ತಾ ತಟ್ಟೆಯ ಮುದ್ದೆ ಆರಿ ತಣ್ಣಗಾಯಿತು.

"ಅಲ್ಲಾ, ಇಷ್ಟು ವರ್ಸ ನಂಗ್ಯಾಕೆ ತೋಚ್ನಿಲ್ಲ? ನಮ್ಮನೆ ಇಲ್ಲೇ ಇಂದ್ಗಡೆ ಐತಲ್ಲ, ಅದಕ್ಕೇ ನೋಡು. ನೀನೂ ಅಲ್ಲಿಗೇ ಓಗು, ಸಂಕೋಚ ಪಟ್ಕೋಬ್ಯಾಡ."

ಹೂಂ ಎಂದೆ. ಹೋಗುವುದಿಲ್ಲ. ಆ ಮನೆಗೆ ಹೋಗಬೇಕಾದರೆ ಬೆಂಚು ದಾಟಬೇಕು. ಕೆಲಸದ ಮೇಲೆ ಹೋಗುವುದು ಬೇರೆ. ಇದಕ್ಕೆ ಹೋಗುತ್ತಿದ್ದಾಳೆ ಎಂದು ತಿಳಿಯುವ ಹಾಗೆ ಹೋಗುವುದು ಬೇರೆ.

ಮುಂದೆ ಎಂದಾದರೂ ನಾನೇ ಇದನ್ನು ಓದಿ ಮೋಸ ಹೋಗಬಾರದು ಎಂದು ಬರೆದಿಡುತ್ತೇನೆ: ಇದು ಒಳ್ಳೆಯ ಕೆಲಸವಲ್ಲ. ಇದು ಬಲೆ.

ಡಿಸೆಂಬರ್ ೨೪, ಮಂಗಳವಾರ

ಎರಡು ಕೋಣೆ, ನೀಲಿ ಬಾಗಿಲು, ಒಳಗಡೆ ಅಗುಳಿ, ನಲ್ಲಿ, ಬಕೆಟ್ಟು, ಹಸಿರು ಸೋಪು. ಪಕ್ಕದಲ್ಲಿ ಸಾಲಾಗಿ ರಬ್ಬರ್ ಬೂಟುಗಳು. ಬಣ್ಣ ಒಣಗುವ ಮುಂಚೆಯೇ ಸುದ್ದಿ ನಮ್ಮೂರಿಗೆ ಮುಟ್ಟಿತು. ಮುಟ್ಟಿಸಿದ್ದು ನಾನೇ. ಅವ್ವನ ಜೊತೆ ದುಡಿದ ಪ್ರಮೀಳಕ್ಕನಿಗೆ ನಿನ್ನೆ ಸಂಜೆ ಊರಿನಲ್ಲಿ ಸಿಕ್ಕಾಗ ಹೇಳಿದ್ದೆ, ಎಲ್ಲೋ ಕೇಳಿದ ಮಾತಿನ ಹಾಗೆ.

ಇವತ್ತು ಬೆಳಗ್ಗೆ ಪ್ರಮೀಳಕ್ಕ, ಭಾಗ್ಯಮ್ಮ, ಇನ್ನೂ ಕೆಲವರು ಅವನ ಟೆಂಪೊ ಇಳಿದು, ಗೇಟಿಗೆ ಹೋಗದೆ, ರಸ್ತೆ ದಾಟಿ ಬಂದರು. ನೋಡಿ ಹೋಗುತ್ತೇವೆ ಎಂದರು. ಭಾಗ್ಯಮ್ಮ ಅಗುಳಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು.

"ನಮ್ಮನೇದಕ್ಕೂ ಇಂಥ ಅಗುಳಿ ಇಲ್ಲ ಕಣೇ ಪ್ರಮೀಳಾ. ನಾನ್ ಇಲ್ಲೇ ಒಂದ್ ಚಾಪೆ ಆಸ್ಕೊಬುಡ್ತೀನಿ, ಮನೆಗ್ ಬರಾಕಿಲ್ಲ ಅಂತ ಯೋಳ್ಬುಡು."

"ನಿನ್ ಗಂಡ ಉಡುಕ್ಕೊಂಡ್ ಬಂದ್ರೆ?"

"ಬರ್ಲಿ, ಒರಗಡೆ ನಿಂತ್ಕೊಂಡ್ ಬಾಗ್ಲು ತಟ್ಲಿ. ಜೀವಮಾನ್ದಲ್ಲಿ ಒಂದ್ಸಲನಾದ್ರೂ ಅವ್ನೇ ಕಾಯ್ಲಿ!"

ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಪ್ರಮೀಳಕ್ಕ ಮಾತ್ರ ಬೂಟಿನೊಳಗೆ ಒಂದು ಕಾಲಿಟ್ಟು ನಿಂತಿದ್ದಳು. ಹೊರಗಿದ್ದ ಕಾಲಿನ ಬೆರಳುಗಳ ಸಂದಿಯೆಲ್ಲ ನೀರಿಗೆ ಬೆಳ್ಳಗೆ ಬೆಂದ ಹಾಗಿತ್ತು. "ಒಳಗೆ ಬೆಚ್ಚಗದೆ" ಎಂದಳು.

ಅವಳು ಇನ್ನೇನಾದರೂ ಹೇಳುತ್ತಾಳೆ, ಕೃತಜ್ಞತೆಯ ಮಾತು, ಎಂದು ಹೆದರಿ ನಾನು ಒಳಗೆ ಹೋಗಿ ಕೂತೆ. ನನ್ನ ಲೆಕ್ಕದಲ್ಲಿ ಅವರು ರಸ್ತೆ ದಾಟಿದರೆ ಸಾಕು.

ಡಿಸೆಂಬರ್ ೨೭, ಶುಕ್ರವಾರ

ಅವನ ಟೆಂಪೊ ಅರ್ಧ ಖಾಲಿ ಬಂತು. ಅವನು ಗೇಟಿನಲ್ಲಿ ನಿಂತು ಹೆಂಗಸರು ಇಳಿಯುವುದನ್ನು ನೋಡಿದ. ಆಮೇಲೆ ಟೆಂಪೊದ ಒಳಗೂ ಇಣುಕಿದ, ಉಳಿದವರು ಸೀಟಿನ ಕೆಳಗೆ ಅವಿತಿದ್ದಾರೇನೋ ಎಂಬಂತೆ.

ರಾತ್ರಿ ಊಟ ರುಚಿಸಿತು.

ಜನವರಿ ೩, ಶುಕ್ರವಾರ

ಕೆಲಸ ಏರಿದೆ. ಎಚ್.ಡಿ. ಕೋಟೆ ಕಡೆಯಿಂದ ಮಾಲು ಬರುತ್ತಲೇ ಇದೆ. ಮಣ್ಣಿನ ಸಮೇತ ಚೀಲದಲ್ಲಿ ಬಿಟ್ಟರೆ ಒಳಗೇ ಬಿಸಿಯೇರಿ ಶುಂಠಿ ಕೊಳೆಯುತ್ತದೆ. ಬಂದದ್ದು ಬಂದ ಹಾಗೆ ತೊಳೆದು, ನೀರು ಬಸಿದು, ಲಾರಿಗೆ ಏರಿಸಬೇಕು. ಅವನ ದೊಡ್ಡ ವ್ಯಾಪಾರಿಗಳಲ್ಲಿ ಒಬ್ಬ ನಿನ್ನೆ ನಮ್ಮ ಬೆಂಚಿನ ಮೇಲೆ ಕೂತಿದ್ದ.

ಒಂದು ತೊಂದರೆ. ಲಾರಿಯ ಹುಡುಗರು ಹೆಂಗಸರ ಕೋಣೆಗೆ ನುಗ್ಗಿ ಗಲೀಜು ಮಾಡುತ್ತಾರೆ. ಗಂಡಸರಿಗೆ ಇಡೀ ಪಿರಿಯಾಪಟ್ಟಣ ರಸ್ತೆಯೇ ಇದೆ, ಆದರೂ ನೀಲಿ ಬಾಗಿಲೇ ಬೇಕು. ಪ್ರಮೀಳಕ್ಕ ಮೂಗು ಮುಚ್ಚಿಕೊಂಡು ಬಂದು ಹೇಳಿದಳು. ನಾನು ಸಂಜೆಯೇ ಪೇಟೆಗೆ ಹೋಗಿ ಒಳ್ಳೆಯ ಬೀಗ ತಂದೆ. ಎರಡು ಕೋಣೆಗೂ ಸೇರಿ ಮುಂದೆ ಒಂದು ತಗಡಿನ ಬಾಗಿಲು, ಅದಕ್ಕೆ ಬೀಗ. ಬೀಗದ ಕೈ ನನ್ನ ಮೇಜಿನ ಮೇಲೆ, ಕೆಂಪು ದಾರ ಕಟ್ಟಿ. ಬೇಕಾದವರು ಬಂದು ಕೇಳಿದರಾಯಿತು. ಇನ್ನು ಗಲೀಜಿಲ್ಲ.

ಮೂರ್ತಿ ನೋಡಿ, "ಮೇಡಂ ಭಾರಿ ಸ್ಟ್ರಿಕ್ಟು" ಎಂದ. ಮೇಡಂ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಮುಖ ಬಿಸಿಯಾಯಿತು, ಆದರೆ ಈ ಸಲ ನೆಲ ನೋಡಲಿಲ್ಲ.

ಜನವರಿ ೯, ಗುರುವಾರ

ಒಂದೇ ದಿನಕ್ಕೆ ಮೂರು ಲೋಡು ಕಳಿಸಿದೆವು. ಈ ಶೆಡ್ಡಿನಲ್ಲಿ ಹಿಂದೆ ಎಂದೂ ಆಗಿರಲಿಲ್ಲವಂತೆ. ಅವನ ಅಂಗಳದಲ್ಲಿ ಇಡೀ ದಿನ ಒಂದೇ ಲಾರಿ ನಿಂತಿತ್ತು, ಮುದಿ ಎಮ್ಮೆಯ ಹಾಗೆ.

ಸುನಂದಮ್ಮ ಕಾಫಿ ತಾವೇ ತಂದುಕೊಟ್ಟು, "ನಿನ್ನ ಮೇಷ್ಟ್ರು ಆಗಕ್ಕೆ ಬುಟ್ಟಿದ್ರೆ ನಷ್ಟ ಆಗೋದು ಕಣಮ್ಮಿ. ವ್ಯಾಪಾರ ನಿಂಗೆ ರಕ್ತದಲ್ಲೇ ಬಂದದೆ" ಎಂದರು. ರಕ್ತದಲ್ಲಿ ಬಂದದ್ದು ವ್ಯಾಪಾರವಲ್ಲ. ಆದರೂ ಖುಷಿಯಾಯಿತು.

ಮಧ್ಯಾಹ್ನ, ಎರಡನೆಯ ಲಾರಿ ಇನ್ನೇನು ತುಂಬಬೇಕು ಎನ್ನುವಾಗ ಪ್ರಮೀಳಕ್ಕ ಬಾಗಿಲಲ್ಲಿ ಬಂದು ನಿಂತಳು. ಬೆಂಚಿನವರೆಲ್ಲ ತಿರುಗಿ ನೋಡಿದರು. "ಅದು..." ಎಂದು ಬೀಗದ ಕೈಯ ಕೆಂಪು ದಾರವನ್ನು ಕಣ್ಣಲ್ಲೇ ತೋರಿಸಿದಳು. "ಈ ಲೋಡೊಂದು ಆಗ್ಲಿ ಪ್ರಮೀಳಕ್ಕ, ಡ್ರೈವರ್ ಕಾಯ್ತಾವ್ರೆ" ಎಂದೆ. ಸರಿ ಎಂದು ಹೋದಳು. ಒಳ್ಳೆಯ ಹೆಂಗಸು, ಮುನಿಸಿಕೊಳ್ಳುವುದಿಲ್ಲ. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು.

ಈಚೆಗೆ ಯಾರೂ ಬಂದು ಬಂದು ಕೇಳುವುದಿಲ್ಲ. ಕೆಲಸದ ಮೇಲೆ ಗಮನ ನಿಂತಿದೆ.

ಜನವರಿ ೧೪, ಮಂಗಳವಾರ. ಸಂಕ್ರಾಂತಿ

ಹಬ್ಬವಾದರೂ ಅರ್ಧ ದಿನ ಕೆಲಸ ಇಟ್ಟುಕೊಂಡಿದ್ದೆವು. ಎದುರುಗಡೆ ಶಾಮಿಯಾನ. ಮೈಕಿನಲ್ಲಿ ಅವನ ಧ್ವನಿ: "ವ್ಯಾಪಾರ ಇವತ್ತು ಇರುತ್ತೆ, ನಾಳೆ ಹೋಗುತ್ತೆ, ಮನುಷ್ಯತ್ವ ಉಳಿಯುತ್ತೆ." ಸೀರೆಗಳ ರಾಶಿ ದೊಡ್ಡದು, ತೆಗೆದುಕೊಳ್ಳುವವರು ಕಡಿಮೆ. ಉಳಿದ ಸೀರೆಗಳನ್ನು ಮತ್ತೆ ರಟ್ಟಿನ ಪೆಟ್ಟಿಗೆಗೆ ತುಂಬುವುದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ಈ ವರ್ಷವೂ ಗಿಣಿಹಸಿರು. ಇನ್ನೊಂದು ಸಂಕ್ರಾಂತಿ ಅವನಿಗೆ ಇರಬಾರದು ಎಂದುಕೊಂಡೆ. ಹಬ್ಬದ ದಿನ ಹಾಗೆ ಅಂದುಕೊಳ್ಳಬಾರದೇನೋ.

ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಪ್ರಮೀಳಕ್ಕ ಎಳ್ಳುಬೆಲ್ಲ ಬೀರಲು ನಮ್ಮ ಮನೆಗೆ ಬಂದಳು, ಶೆಡ್ಡಿನಿಂದ ನೇರವಾಗಿ, ಸೀರೆಯ ಅಂಚು ಇನ್ನೂ ಒದ್ದೆ. ಅವ್ವ ಬೆಲ್ಲದ ಜೊತೆ ಚೊಂಬು ನೀರು ಕೊಟ್ಟಳು. ಪ್ರಮೀಳಕ್ಕ ಎತ್ತಿದ ಚೊಂಬನ್ನು ಇಳಿಸಲೇ ಇಲ್ಲ. ಗಟಗಟನೆ ಪೂರ್ತಿ ಕುಡಿದು, "ಇನ್ನೊಸಿ ಕೊಡಕ್ಕ" ಎಂದಳು.

ಅವ್ವ ಅವಳನ್ನೇ ನೋಡುತ್ತಿದ್ದಳು. "ಬೆಳಗಿಂದ ಎಲ್ಲೂ ನೀರ್ ಸಿಕ್ನಿಲ್ವೇನೆ?"

ಪ್ರಮೀಳಕ್ಕ ನನ್ನ ಕಡೆ ನೋಡಿ, "ಬಿಸ್ಲು ಕಣಕ್ಕ" ಎಂದಳು.

ಅವಳು ಹೋದ ಮೇಲೆ ಅವನ ಸೀರೆಯ ಸುದ್ದಿ ಹೇಳಿ ನಾನು ನಕ್ಕೆ. ಅವ್ವ ನಗಲಿಲ್ಲ. "ಅವನೇನ್ ಕೆಟ್ಟೋನಲ್ಲ ಪುಟ್ಟಿ. ಕೆಟ್ಟೋನಾಗಿದ್ರೆ ಬೈಬೋದಿತ್ತು. ನಮ್ ಕಡೆ ತಿರುಗಿ ನೋಡ್ನಿಲ್ಲ, ಅಷ್ಟೆ. ಮೇಜಿನ ಮುಂದ್ ಕುಂತೋರ್ಗೆ ಇಂದ್ಗಡೆ ಕಾಣಾಕಿಲ್ಲ."

ನನಗೆ ಸಿಟ್ಟು ಬಂತು. ಅವ್ವನ ಕಿಡ್ನಿಯೇ ಹೋಯಿತು, ಆದರೂ ಅವನ ಪರ. ಅವಳ ಬದಲಿಗೆ ನಾನೇ ಸಿಟ್ಟಾಗಿರಬೇಕು.

ಜನವರಿಯಲ್ಲಿ ಅಷ್ಟು ಬಿಸಿಲು ಎಲ್ಲಿದೆ.

ಜನವರಿ ೨೦, ಸೋಮವಾರ

ಬೆಳಗ್ಗೆ ಮೂರ್ತಿ ಓಡಿ ಬಂದು ಹೇಳಿದ: ಅವನ ಬೋರ್‌ವೆಲ್ ಕೈಕೊಟ್ಟಿದೆ. ಮೋಟಾರು ಒಳಗೇ ಕಚ್ಚಿಕೊಂಡಿದೆ, ಎತ್ತಲು ಬಂದವರು ಕೊಳವೆಯನ್ನೂ ಮುರಿದಿದ್ದಾರೆ. ಹೊಸದು ಕೊರೆಸಬೇಕು. ಅಂಗಳದಲ್ಲಿ ಎಚ್.ಡಿ. ಕೋಟೆಯ ಮಾಲು ಮಣ್ಣಿನ ಸಮೇತ ಬಿದ್ದಿದೆ.

ಇದಕ್ಕಿಂತ ಚೆನ್ನಾಗಿ ನಾನೂ ಯೋಜಿಸಲಾರೆ. ನೀರು. ಬೇರೇನೂ ಅಲ್ಲ, ನೀರು.

ಸುನಂದಮ್ಮ ಸಾಲಿಗ್ರಾಮಕ್ಕೆ ಹೋಗಿದ್ದರು, ತಂಗಿಯ ಮನೆಯ ಕಾರ್ಯಕ್ಕೆ. ಆಫೀಸಿನಲ್ಲಿ ನಾನೊಬ್ಬಳೇ. ಊಟದ ಹೊತ್ತಿಗೆ ಅವನು ರಸ್ತೆ ದಾಟಿ ಬಂದ. ಬೆಂಚಿನವರು ಜಾಗ ಬಿಟ್ಟರೂ ಕೂರಲಿಲ್ಲ. ಅಂದು ಅವ್ವ ನಿಂತ ಹಾಗೆ, ಬಾಗಿಲಿನಲ್ಲೇ ನಿಂತ.

"ಮೇಡಂ, ನಿಮ್ಮಲ್ಲಿ ನೀರಿದೆ. ನಮ್ಮ ಮಾಲನ್ನ ಎರಡು ದಿನ ತೊಳೆದುಕೊಡಿ. ನಮ್ಮ ಹೆಣ್ಮಕ್ಳನ್ನೂ ಕಳಿಸ್ತೀನಿ. ನನಗೋಸ್ಕರ ಬೇಡ, ರೈತರ ಮಾಲು, ಕೊಳೆತರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ."

ಎಷ್ಟು ಸಲ ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ. ಎದ್ದು ನಿಂತೆ. ಅವನ ಮುಖ ನೋಡಿಕೊಂಡೇ ಹೇಳಿದೆ.

"ನೀರು ಕಮ್ಮಿ ಬಳಸಿ ಸರ್, ಎಲ್ಲಾ ಸರಿಹೋಗುತ್ತೆ."

ಯಾರೂ ನಗಲಿಲ್ಲ. ಅವನು ಗಂಭೀರವಾಗಿ ತಲೆಯಾಡಿಸಿದ. "ನಾನೂ ಅದನ್ನೇ ಯೋಚಿಸಿದೆ ಕಣಮ್ಮ. ಎಷ್ಟು ಕಮ್ಮಿ ಅಂದ್ರೂ ತೊಳೆಯಕ್ಕೆ ಬೇಕಲ್ಲ."

"ನೀವು ಹೇಳಿದ ಮಾತು ಅದು. ನೀರು ಕಮ್ಮಿ ಕುಡೀರಮ್ಮ ಅಂತ."

"ನಾನಾ? ಯಾರಿಗಮ್ಮ?"

"ಸಾಕಮ್ಮನಿಗೆ. ಕ್ಯಾಮೆರಾ ತಿರುಗಿಸಿ ಅಂತ ಕೇಳಿದಾಗ."

ಅವನು ಹಣೆ ತಿಕ್ಕಿಕೊಂಡ. ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಿಸಿದ, ಅದು ಕಾಣುತ್ತಿತ್ತು. "ಸಾಕಮ್ಮ... ನಮ್ಮಲ್ಲಿ ಸಾಕಮ್ಮಂದಿರು ಎರಡು ಮೂರು ಜನ ಇದ್ರು. ಯಾವ ಸಾಕಮ್ಮ? ಕ್ಯಾಮೆರಾ ಅಂದ್ರೆ... ಏನೋ ತಮಾಷೆಗೆ ಅಂದಿರಬೇಕು."

ಅಷ್ಟೇ. ಇಷ್ಟು ದಿನ ನಾನು ಹೊತ್ತು ತಿರುಗಿದ ಮಾತು ಅವನ ಬಳಿ ಇರಲೇ ಇಲ್ಲ. ಸಾಕಮ್ಮ ನಮ್ಮವ್ವ ಎನ್ನಲಿಲ್ಲ. "ಸುನಂದಮ್ಮನವ್ರು ಬಂದ ಮೇಲೆ ಹೇಳ್ತೀವಿ" ಎಂದು ಕೂತುಬಿಟ್ಟೆ. ಅವನು ಕೈಮುಗಿದು ಹೋದ, ಫ್ಲೆಕ್ಸಿನಲ್ಲಿ ಮುಗಿದ ಹಾಗೇ.

ಅವನ ಶುಂಠಿ ಕೊಳೆಯಲಿ. ನಾತ ಈ ರಸ್ತೆಯ ತುಂಬ ಹರಡಲಿ.

ಜನವರಿ ೨೧, ಮಂಗಳವಾರ

ಬೆಳಗ್ಗೆ ಸುನಂದಮ್ಮ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಮೂರ್ತಿ ಎಲ್ಲಾ ಯೋಳ್ದ. ನಿಮ್ಮವ್ವ ಯಾರು ಅಂತ ಪ್ರಮೀಳನ್ನ ಕೇಳಿ ತಿಳ್ಕೊಂಡೆ. ಸಾಕಮ್ಮನ ಮಗಳು ಅಂತ ಮೊದ್ಲೇ ಯಾಕ್ ಯೋಳ್ನಿಲ್ಲ? ಅದಕ್ಕೇ ನನ್ ಶೆಡ್ಡಿಗೆ ಬಂದ್ಯಾ?"

ಹೌದೆಂದು ತಲೆಯಾಡಿಸಿದೆ.

"ತಪ್ಪಿಲ್ಲ ಬುಡು. ಹಗೆ ಇಟ್ಕೊಂಡೋರು ಸೋಮಾರಿ ಆಗಾಕಿಲ್ಲ, ನಂಗ್ ಲಾಭವೇ ಆಯ್ತು. ಈಗ ನೀನೇ ತೀರ್ಮಾನ ಮಾಡು. ಬ್ಯಾಡ ಅಂದ್ರೆ ಬ್ಯಾಡ. ಅವನ ಮಾಲು ಕೊಳೀತದೆ, ಉಳಿದ್ ವ್ಯಾಪಾರಿಗಳೂ ಈ ಕಡೀಕೆ ಬತ್ತಾರೆ. ನಿನ್ ಹಗೆಗೂ ಅದೇ ಸರಿ, ನನ್ ವ್ಯಾಪಾರಕ್ಕೂ ಅದೇ ಸರಿ. ನಾ ಅವನಿಗೆ ನಾಳೆ ಬೆಳಿಗ್ಗೆ ಬಾ ಅಂದಿವ್ನಿ. ನೀನೇ ಯೋಳು."

ಬೇಡ ಎನ್ನುವುದು ಖಚಿತವಾಗಿತ್ತು. ಯಾವ ಪದಗಳಲ್ಲಿ ಎನ್ನುವುದಷ್ಟೇ ಉಳಿದಿತ್ತು. ಮಧ್ಯಾಹ್ನದವರೆಗೆ ಅದನ್ನೇ ಮನಸ್ಸಿನಲ್ಲಿ ತಿದ್ದುತ್ತಿದ್ದೆ.

ಟೀ ಹೊತ್ತಿಗೆ ತೊಳೆಯುವ ಕಡೆ ಹೋದೆ. ಹೆಂಗಸರೆಲ್ಲ ಲೋಟ ಹಿಡಿದು ನಿಂತಿದ್ದರು. ಪ್ರಮೀಳಕ್ಕ ಸ್ವಲ್ಪ ದೂರದಲ್ಲಿ, ಕಂಬದ ಮರೆಯಲ್ಲಿ. ಅತ್ತಿತ್ತ ನೋಡಿದಳು. ಎರಡು ಗುಟುಕು ಕುಡಿದಳು. ಉಳಿದ ಟೀಯನ್ನು ಚರಂಡಿಗೆ ಸುರಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ನಾನು ಎಲ್ಲಿ ನಿಂತಿದ್ದೇನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ನಮ್ಮ ಮನೆಯ ಕಿಟಕಿಯ ಹಿಂದೆಯೋ, ಇಲ್ಲಿಯೋ.

ನೀಲಿ ಬಾಗಿಲಿನ ಕಡೆ ನಡೆದೆ. ನಾನು ಹಾಕಿಸಿದ ಬೀಗದ ಕೊಂಡಿಗೂ ತಗಡಿಗೂ ನಡುವೆ ಜೇಡ ಬಲೆ ನೇಯ್ದಿತ್ತು. ಅದರಲ್ಲಿ ಒಂದು ನೊಣ ಒಣಗಿ ಹಗುರಾಗಿ ತೂಗುತ್ತಿತ್ತು. ಮೇಜಿನಿಂದ ಬೀಗದ ಕೈ ತಂದು ತೆಗೆದೆ. ಒಳಗಿನ ಹಸಿರು ಸೋಪು ಒಣಗಿ ಬಿರುಕುಬಿಟ್ಟಿತ್ತು. ಬಕೆಟ್ಟಿನ ತಳದಲ್ಲಿ ಧೂಳು.

ಹಿಂದೆ ಪ್ರಮೀಳಕ್ಕ ಬಂದು ನಿಂತಿದ್ದಳು.

"ಯಾಕಕ್ಕ, ಕೀ ಕೇಳಲೇ ಇಲ್ಲ ನೀವು?"

"ಒಂದ್ಸಲ ಕೇಳ್ದ್ನಲ್ಲವ್ವ."

"ಆಮೇಲೆ?"

"ಆ ಬೆಂಚಿನ ಮುಂದೆ, ಅಷ್ಟೂ ಗಂಡುಸ್ರ ಎದ್ರಿಗೆ, ಕೆಂಪು ದಾರ ಇಡ್ಕೊಂಡು ಎಂಗ್ ಓಗಾದು? ಊರಿಗೆಲ್ಲ ತಮಟೆ ಬಡ್ದಂಗೆ." ಅವಳು ನನ್ನ ಮುಖ ನೋಡಿದಳು, ಸಿಟ್ಟಿಲ್ಲದೆ. "ನೀನ್ ಓಗ್ತೀಯಾ?"

ಇಲ್ಲ. ನಾನು ಹೋಗುವುದಿಲ್ಲ. ಸೇರಿದ ದಿನದಿಂದ ಒಂದು ದಿನವೂ ಹೋಗಿಲ್ಲ. ಸಂಜೆ ಮನೆಯಲ್ಲಿ ನಿಂತಲ್ಲೇ ಚೊಂಬು ಬರಿದು ಮಾಡುತ್ತೇನೆ, ಅಷ್ಟೇ. ಕೇಳುವುದು ಎಷ್ಟು ಕಷ್ಟ ಎಂದು ಈ ಶೆಡ್ಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆ ದಾರವನ್ನು ನನ್ನ ಮೇಜಿನ ಮೇಲಿಟ್ಟವಳೂ ನಾನು.

"ಅಲ್ಲಿ ಇರ್ನಿಲ್ಲ, ಇಲ್ಲ ಅಂತ ಸುಮ್ಕಿದ್ದೊ. ಇಲ್ಲಿ ಐತೆ ಅಂತ ಬಂದೊ" ಎಂದಳು ಪ್ರಮೀಳಕ್ಕ. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಹೊರಗೆ ನಿಂತು ಕಾದೆ.

ಬೀಗ ಈಗ ಇಲ್ಲೇ, ದಿನಚರಿಯ ಪಕ್ಕದಲ್ಲಿದೆ. ಅವ್ವ ಅದನ್ನು ಎತ್ತಿ ನೋಡಿ, "ಒಳ್ಳೇ ಬೀಗ, ಎಷ್ಟ್ ಕೊಟ್ಟೆ?" ಎಂದಳು.

ಅವನಿಗೆ ನಾಳೆ ಏನು ಹೇಳಬೇಕು ಎಂದು ಈಗ ಗೊತ್ತಾಗಿದೆ. ತೊಳೆದುಕೊಡುತ್ತೇವೆ. ಇದು ಕ್ಷಮೆಯಲ್ಲ, ಸ್ಪಷ್ಟವಾಗಿ ಬರೆದಿಡುತ್ತೇನೆ. ಅವನ ಶೆಡ್ಡು ಮುಚ್ಚಿದರೆ ಅವನು ಬೋರ್‌ವೆಲ್ಲನ್ನು ದೂರುತ್ತಾನೆ, ಹಣೆಬರಹವನ್ನು ದೂರುತ್ತಾನೆ. ಅಂದು ಅವ್ವನಿಗೆ ಅಂದ ಆ ಮಾತು ಹಾಗೇ ತಪ್ಪಿಸಿಕೊಳ್ಳುತ್ತದೆ. ನನಗೆ ಅದು ಬೇಡ. ಅವನ ಶೆಡ್ಡು ನಡೆಯಬೇಕು. ಅದರ ಹಿಂದಿನ ಗೋಡೆಯ ಕ್ಯಾಮೆರಾ ಹೋಗಿ ಅಲ್ಲಿ ಎರಡು ಕೋಣೆ ಬರಬೇಕು, ಅಗುಳಿ ಒಳಗಡೆ ಇರಬೇಕು, ಹೊರಗೆ ಬೀಗದ ಕೊಂಡಿಯೇ ಇರಬಾರದು. ಹಾಗೆಂದು ಮಾತು ಕೊಟ್ಟರೆ ಮಾತ್ರ ಮೊದಲ ಚೀಲ ನಮ್ಮ ನೀರಿಗೆ ಇಳಿಯುತ್ತದೆ. ಯಾವ ಸಾಕಮ್ಮ ಎಂದು ಕೇಳಿದನಲ್ಲ. ಅವಳ ಮಗಳು ನಾನು ಎಂದೂ ಹೇಳುತ್ತೇನೆ. ಇನ್ನು ಮೇಲೆ ಅವನು ಮರೆಯುವ ಹಾಗಿಲ್ಲ.

ಹೆಂಗಸರ ಕೋಣೆಗೆ ಕ್ಲೀನರುಗಳು ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೈಯುವುದನ್ನು ಕಲಿಯಬೇಕು. ಮೂರ್ತಿಯಿಂದಲೇ ಶುರು ಮಾಡುತ್ತೇನೆ.

ಇನ್ನೊಂದಿದೆ. ಇದನ್ನು ಯಾರಿಗೂ ಹೇಳುವುದಿಲ್ಲ. ನಾಳೆ ಬೆಳಗ್ಗೆ ಲಾರಿಯವರೆಲ್ಲ ಬಂದು ಬೆಂಚು ತುಂಬಲಿ. ಅವನೂ ಬಂದು ಅವರ ನಡುವೆ ಕೂರಲಿ. ಆಗ ಅವರೆಲ್ಲರ ಎದುರಿಗೆ ಒಂದು ಚೊಂಬು ನೀರನ್ನು, ತಳದವರೆಗೆ, ನಿಧಾನವಾಗಿ ಕುಡಿಯುತ್ತೇನೆ. ಆಮೇಲೆ ಎದ್ದು, ಫೋನು ಮೇಜಿನ ಮೇಲೇ ಬಿಟ್ಟು, ಆ ಬೆಂಚಿನ ಮುಂದೆಯೇ ನೀಲಿ ಬಾಗಿಲಿಗೆ ನಡೆದುಹೋಗುತ್ತೇನೆ. ತೊಳೆಯುವ ಕಡೆಯಿಂದ ಹೆಂಗಸರಿಗೂ ಕಾಣುವ ಹಾಗೆ.